ಉಕ್ಕಿಗೆ ತಕ್ಕ ಡ್ರಿಲ್ ಬಿಟ್ ಆರಿಸುವ ಬಗೆ

ಡ್ರಿಲ್ ಬಿಟ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಅಳತೆಯನ್ನು. ಆದರೆ ಅಳತೆಗಿಂತ ಮೊದಲು ನಾವು ತಿಳಿದಿರಬೇಕಾದದ್ದು, ತೂತು ಕೊರೆಯಬೇಕಾದ ಉಕ್ಕು ಯಾವುದು ಎಂಬುದನ್ನು. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪಟ್ಟಿ, ಆಂಗಲ್, ಚಾನೆಲ್‌ಗಳಿಗೆ ಒಳ್ಳೆಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಧಾರಾಳವಾಗಿ ಸಾಕು.

ತೊಂದರೆ ಕೊಡುವುದು 304 ದರ್ಜೆಯಂತಹ ಸ್ಟೇನ್‌ಲೆಸ್ ಸ್ಟೀಲ್. ಬಿಟ್ ಲೋಹವನ್ನು ಕತ್ತರಿಸದೆ ಬರಿದೇ ಉಜ್ಜುತ್ತ ತಿರುಗಿದರೆ ಆ ಜಾಗ ಗಡುಸಾಗಿಬಿಡುತ್ತದೆ. ಆಮೇಲೆ ಹೊಸ ಬಿಟ್ ಹಾಕಿದರೂ ಅದು ಮೇಲೆಯೇ ಜಾರುತ್ತದೆ. ಹೀಗಾಗಿ, ಬಿಸಿಯಾದಾಗಲೂ ಗಡಸುತನ ಉಳಿಸಿಕೊಳ್ಳುವ ಕೋಬಾಲ್ಟ್ ಬಿಟ್ ಇಲ್ಲಿಗೆ ಸೂಕ್ತ. ಎಂ35 ದರ್ಜೆಯ ಬಿಟ್ಟಿನಲ್ಲಿ ಸುಮಾರು ಶೇ 5, ಎಂ42 ದರ್ಜೆಯದರಲ್ಲಿ ಸುಮಾರು ಶೇ 8ರಷ್ಟು ಕೋಬಾಲ್ಟ್ ಇರುತ್ತದೆ. ಕೆಲವು ಬಿಟ್‌ಗಳಿಗಿರುವ ಚಿನ್ನದ ಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪನ ಮೇಲ್ಮೈಯಲ್ಲಷ್ಟೇ ಇರುವುದರಿಂದ, ಸಾಣೆ ಹಿಡಿದೊಡನೆ ತುದಿಯಲ್ಲಿ ಅಳಿಸಿಹೋಗುತ್ತದೆ. ಕೋಬಾಲ್ಟ್ ಆದರೋ ಮೈಯೆಲ್ಲ ಬೆರೆತಿರುತ್ತದೆ. ಬಿಟ್ಟನ್ನು ತಾವೇ ಸಾಣೆ ಹಿಡಿಯುವ ವರ್ಕ್‌ಶಾಪಿನವರು ಲೇಪನಕ್ಕೆ ಕೊಡುವ ಹಣವನ್ನು ಕೋಬಾಲ್ಟ್‌ಗೆ ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ತುಂಬ ಗಡುಸಾದ, ಆದರೆ ಪೆಡಸಾದ ಕಾರ್ಬೈಡ್ ಬಿಟ್, ಕಂಪ್ಯೂಟರ್ ನಡೆಸುವ ಬಿಗಿಯಾದ ಸಿಎನ್‌ಸಿ ಯಂತ್ರಕ್ಕೆ ಹೇಳಿದ್ದು. ಕೈ ಡ್ರಿಲ್ ಸ್ವಲ್ಪ ಓಲಾಡಿದರೂ ಅದರ ಅಂಚು ಸಿಡಿಯುತ್ತದೆ.

ಇನ್ನು ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎರಡು ಕತ್ತರಿಸುವ ಅಂಚುಗಳ ನಡುವೆ ಕಾಣುವ ಸಣ್ಣ ಅಡ್ಡಗೆರೆ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಪಕ್ಕಕ್ಕೆ ತಳ್ಳುತ್ತದೆ. ನಾವು ಹಾಕುವ ಬಲದ ಬಹುಪಾಲು ಅಲ್ಲಿಯೇ ಖರ್ಚಾಗುತ್ತದೆ. ತುದಿಯ ಕೋನ 135 ಡಿಗ್ರಿ ಇರುವ ಸ್ಪ್ಲಿಟ್ ಪಾಯಿಂಟ್ ಬಿಟ್‌ನಲ್ಲಿ ಈ ಗೆರೆಯನ್ನು ಸೀಳಿ ಕಿರಿದು ಮಾಡಿರುವುದರಿಂದ ಬಿಟ್ ಅಲೆದಾಡದೆ ಬೇಗ ಕಚ್ಚುತ್ತದೆ. ಮೆದು ಉಕ್ಕಿಗೆ ಸಾಮಾನ್ಯವಾದ 118 ಡಿಗ್ರಿ ಸಾಕು, ಆದರೆ ತೂತಿನ ಜಾಗದಲ್ಲಿ ಸಣ್ಣ ಗುಳಿ ಮಾಡಲು ಸೆಂಟರ್ ಪಂಚ್ ಹೊಡೆಯುವುದನ್ನು ಮರೆಯಬಾರದು.

ಸರಿಯಾದ ಬಿಟ್ಟೂ ತಪ್ಪು ವೇಗದಲ್ಲಿ ಸುಟ್ಟುಹೋಗುತ್ತದೆ. ಕತ್ತರಿಸುವ ವೇಗವನ್ನು (ನಿಮಿಷಕ್ಕೆ ಇಷ್ಟು ಮೀಟರ್ ಎಂದು) 1000ದಿಂದ ಗುಣಿಸಿ, 3.14 ಮತ್ತು ಮಿ.ಮೀ. ಲೆಕ್ಕದ ಬಿಟ್ಟಿನ ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ದೊರೆಯುತ್ತದೆ. 10 ಮಿ.ಮೀ. ಎಚ್‌ಎಸ್‌ಎಸ್ ಬಿಟ್ಟಿಗೆ ಎಂಎಸ್‌ನಲ್ಲಿ ನಿಮಿಷಕ್ಕೆ 25 ಮೀಟರ್ ಎಂದು ಹಿಡಿದರೆ ಸುಮಾರು 800 ಬರುತ್ತದೆ. ಅದೇ ಅಳತೆಯ ಕೋಬಾಲ್ಟ್ ಬಿಟ್ಟನ್ನು ಸ್ಟೇನ್‌ಲೆಸ್‌ನಲ್ಲಿ 12 ಮೀಟರ್ ವೇಗಕ್ಕೆ ಇಳಿಸಿ, ಸುಮಾರು 380ರಲ್ಲಿ, ತಂಪು ಮಾಡುವ ದ್ರವ (ಕೂಲೆಂಟ್) ಹರಿಸುತ್ತ, ಒತ್ತಡ ಸಡಿಲಿಸದೆ ಓಡಿಸಬೇಕು. ಎರಡೂ ಕಡೆಯಿಂದ ಸಮನಾದ ಸುರುಳಿ ಬಂದರೆ ಬಿಟ್ ಸರಿಯಿದೆ. ಒಂದೇ ಕಡೆಯಿಂದ ಬಂದರೆ ಅಂಚುಗಳು ಸಮವಿಲ್ಲ, ತೂತು ದೊಡ್ಡದಾಗುತ್ತದೆ.

ತೂತಿನೊಳಗೆ ಬೋಲ್ಟ್ ತಿರುಗಿಸಲು ಮರೆ (ಥ್ರೆಡ್) ಹಾಕುವುದಿದ್ದರೆ ಮಾತ್ರ ಅಳತೆಯಲ್ಲಿ ರಾಜಿ ಬೇಡ. 1.25 ಮಿ.ಮೀ. ಪಿಚ್ಚಿನ (ಒಂದು ಮರೆಯಿಂದ ಮುಂದಿನದಕ್ಕಿರುವ ದೂರ) ಎಂ8 ಟ್ಯಾಪ್‌ಗೆ, ಅಂದರೆ 8 ಮಿ.ಮೀ. ಬೋಲ್ಟಿಗೆ ಮರೆ ಕೊರೆಯುವ ಉಪಕರಣಕ್ಕೆ, 6.8 ಮಿ.ಮೀ. ಬಿಟ್ ಬೇಕು. ಕೈಗೆ ಸಿಕ್ಕಿತೆಂದು 6.5 ಹಾಕಿದರೆ ಟ್ಯಾಪ್ ಬಿಗಿದು ಮುರಿಯಬಹುದು. ಮುರಿದ ತುಂಡನ್ನು ತೂತಿನಿಂದ ತೆಗೆಯಲು ನಾನೊಮ್ಮೆ ಅರ್ಧ ದಿನ ಕಳೆದಿದ್ದೇನೆ.