ಕಥೆ ಓದುವ ಕೆಲಸ ಮನೆಯವರಿಗೇ ಬಿಟ್ಟೆ

ಲೈಬ್ರರಿಯಲ್ಲಿ ಮಕ್ಕಳ ಕಥಾ ಕಾರ್ಯಕ್ರಮ ಹೇಗಿರುತ್ತದೆ ಅಂತ ನೀವೂ ನೋಡಿರುತ್ತೀರಿ. ಮುಂದೆ ಒಬ್ಬರು ದನಿ ಬದಲಿಸಿ, ಕೈ ಆಡಿಸಿ ಸೊಗಸಾಗಿ ಕಥೆ ಓದುತ್ತಾರೆ. ಮಕ್ಕಳು ಮೈಮರೆತು ಕೇಳುತ್ತಾರೆ. ಅಪ್ಪ-ಅಮ್ಮ ಹಿಂದೆ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ಮನೆಯಲ್ಲಿ ಒಟ್ಟಿಗೆ ಕೂತು ಓದುವ ರೂಢಿ ಬೆಳೆಯಬೇಕು ಅಂದರೆ ಅಷ್ಟು ಸಾಲದು. ಮುಂದೆ ನಿಂತವರು ಚೆನ್ನಾಗಿ ಓದಿದಷ್ಟೂ 'ನಮಗೆ ಹೀಗೆಲ್ಲ ಬರಲ್ಲಪ್ಪ' ಅಂತ ಹೆತ್ತವರು ಹಿಂದೆ ಸರಿಯುವುದೂ ಉಂಟು.

ಅದಕ್ಕೇ ನಮ್ಮ ಕುಟುಂಬ ಓದಿನ ಕಾರ್ಯಕ್ರಮ ಶುರು ಮಾಡುವಾಗ ಗ್ರಂಥಪಾಲಕಿಯಾಗಿ ನಾನು ಒಂದು ವಿಷಯ ಗಟ್ಟಿ ಮಾಡಿಕೊಂಡೆ. ನಾನು ಓದುವುದು ಹತ್ತೇ ನಿಮಿಷ. ಉಳಿದ ಹೊತ್ತೆಲ್ಲ ಮನೆಯವರದು. ಮಗುವನ್ನು ಬಿಟ್ಟು ಹೋಗುವಂತಿಲ್ಲ. ಜೊತೆಗೆ ಒಬ್ಬ ದೊಡ್ಡವರು ಪಕ್ಕದಲ್ಲೇ ಕೂರಬೇಕು. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡ ಅಕ್ಕ, ಯಾರಾದರೂ ಸರಿ.

ನಾನು ಓದಿದ ಪುಸ್ತಕದ್ದೇ ಒಂದೊಂದು ಪ್ರತಿಯನ್ನು ಪ್ರತಿ ಕುಟುಂಬಕ್ಕೂ ಕೊಡುತ್ತೇನೆ. ಆಗತಾನೇ ಕೇಳಿದ ಕಥೆಯಾದ್ದರಿಂದ ದೊಡ್ಡವರಿಗೆ ಅಂಜಿಕೆ ಇರುವುದಿಲ್ಲ. ಮಗುವಿಗಂತೂ ಅದೇ ಕಥೆ ಮತ್ತೆ ಬೇಕು. ಇದಕ್ಕಾಗಿ ಪುಸ್ತಕ ಕೊಳ್ಳುವ ರೀತಿಯನ್ನೇ ಬದಲಿಸಬೇಕಾಯಿತು. ಬೇರೆ ಬೇರೆ ಹತ್ತಾರು ಪುಸ್ತಕಗಳ ಬದಲು, ಒಳ್ಳೆಯ ಎರಡು ಮೂರು ಪುಸ್ತಕಗಳ ಹಲವು ಪ್ರತಿ ತರಿಸಿದೆವು. ಸಾಲದಿದ್ದರೆ ಬೇರೆ ಶಾಖೆಗಳಿಂದ ಕೇಳಿ ತರುತ್ತೇವೆ.

ಆ ಹತ್ತು ನಿಮಿಷದಲ್ಲಿ ನಾನು ನಟನೆ ಮಾಡುವುದಿಲ್ಲ. ಓದುತ್ತಾ ಓದುತ್ತಾ ಮಗುವಿನ ಜೊತೆ ಹೇಗೆ ಮಾತಾಡಬಹುದು ಅಂತ ತೋರಿಸುತ್ತೇನೆ. ಇದರ ಹಿಂದೆ ಒಂದು ಅಧ್ಯಯನ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಅದನ್ನು 1988ರಲ್ಲಿ ಪ್ರಕಟಿಸಿದರು. ಎರಡು ಮೂರು ವರ್ಷದ ಮಕ್ಕಳಿಗೆ ಅವರವರ ಮನೆಯಲ್ಲೇ ತಂದೆತಾಯಿ ಸುಮಾರು ಒಂದು ತಿಂಗಳು ಓದಿ ಹೇಳಿದರು. ಎರಡು ಗುಂಪಿನವರೂ ಓದಿದ್ದು ಹೆಚ್ಚುಕಮ್ಮಿ ಅಷ್ಟಷ್ಟೇ ಸಲ. ಆದರೆ ಒಂದು ಗುಂಪಿನವರು ಮಕ್ಕಳನ್ನೇ ಹೆಚ್ಚು ಮಾತಾಡಿಸುವ ಪ್ರಶ್ನೆ ಕೇಳಲು, ಅವರು ಹೇಳಿದ್ದನ್ನು ಬೆಳೆಸಲು ಕಲಿತಿದ್ದರು. ಆ ಮಕ್ಕಳು ಮಾತಿನಲ್ಲಿ ಮುಂದೆ ಹೋದರು. ಎಷ್ಟು ಓದಿದೆವು ಅನ್ನುವುದರ ಜೊತೆಗೆ ಹೇಗೆ ಓದಿದೆವು ಅನ್ನುವುದೂ ಮುಖ್ಯ ಅಲ್ವಾ?

ಚಿತ್ರದಲ್ಲಿ ಒಬ್ಬ ಹುಡುಗ ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. 'ಇದೇನು?' ಅಂದರೆ 'ಕೊಡೆ' ಅನ್ನುತ್ತದೆ ಮಗು, ಅಲ್ಲಿಗೆ ಮಾತು ಮುಗಿಯಿತು. 'ಇವನು ಯಾಕೆ ಇನ್ನೂ ಹೊರಗೆ ಹೋಗಿಲ್ಲ?' ಅಂತ ಕೇಳಿದರೆ ಮಗು ಯೋಚಿಸುತ್ತದೆ. 'ಅವ್ನಿಗೆ ಭಯ' ಅಂತ ಹೇಳಿದರೆ, 'ಹೌದಾ, ಗುಡುಗಿನ ಸದ್ದಿಗೆ ಭಯ ಆಗಿರಬಹುದಾ?' ಅಂತ ಒಂದೆರಡು ಪದ ಸೇರಿಸಬಹುದು. ಇನ್ನೊಂದು ವಿಷಯ ನಾನು ಪ್ರತಿ ಸಲ ಹೇಳುತ್ತೇನೆ: ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದೊಡ್ಡವರಿಗೆ ಇದು ತುಂಬಾ ಕಷ್ಟ. ಮಗು ಬಾಯಿ ತೆರೆಯುವ ಮೊದಲೇ ಉತ್ತರ ನಾವೇ ಹೇಳಿಬಿಡುತ್ತೇವೆ. ಹಾಗಂತ ಪ್ರತಿ ಪುಟದಲ್ಲೂ ಪ್ರಶ್ನೆ ಬೇಡ, ಕಥೆ ಪರೀಕ್ಷೆಯಾಗಿಬಿಡುತ್ತದೆ. ಮಗು ಕಥೆಯ ಓಟದಲ್ಲಿದ್ದರೆ ಓದುತ್ತಾ ಹೋಗಿ.

ಓದಲು ಬಾರದ ಹಿರಿಯರ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯ. ಮೊಮ್ಮಗನನ್ನು ಕರೆತಂದ ಒಬ್ಬರು ಅಜ್ಜಿ ಮೆಲ್ಲಗೆ ಬಂದು, 'ಅಮ್ಮಾ, ನನಗೆ ಅಕ್ಷರ ಬರಲ್ಲ, ನಾನು ಹೊರಗೆ ಕೂತಿರ್ತೀನಿ' ಅಂದರು. 'ಅಜ್ಜಿ, ಈ ಪುಸ್ತಕದಲ್ಲಿ ಅಕ್ಷರವೇ ಇಲ್ಲ, ನೋಡಿ' ಅಂತ ಮಾತಿಲ್ಲದ ಚಿತ್ರಪುಸ್ತಕ ಕೈಗಿಟ್ಟೆ. ಅವರು ಹೇಳಿದ ಕಥೆಯಲ್ಲಿ ಊರೇ ಇತ್ತು, ಜಗಳ ಇತ್ತು, ಹಾಡೂ ಇತ್ತು. ಮೊಮ್ಮಗ ನಡುನಡುವೆ 'ಹಂಗಲ್ಲ ಅಜ್ಜಿ' ಅಂತ ತಿದ್ದುತ್ತಿದ್ದ. ಈಗ ಹೊಸ ಕುಟುಂಬಗಳು ಬರುವ ಮೊದಲ ದಿನ ಎಲ್ಲರಿಗೂ ಮಾತಿಲ್ಲದ ಚಿತ್ರಪುಸ್ತಕವನ್ನೇ ಕೊಡುತ್ತೇನೆ. ಯಾರಿಗೆ ಓದಲು ಬರುತ್ತದೆ, ಯಾರಿಗೆ ಬರುವುದಿಲ್ಲ ಅನ್ನುವುದು ಆಗ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಬೇರೆ ಭಾಷೆ ಆಡುವವರಿಗೂ ಇದರಿಂದ ಅನುಕೂಲ. ತಮ್ಮ ಭಾಷೆಯಲ್ಲೇ ಕಥೆ ಹೇಳುತ್ತಾರೆ, ಹೇಳಲಿ.

ಕೂರುವ ವ್ಯವಸ್ಥೆಗೆ ಜಾಸ್ತಿ ಏನೂ ಬೇಡ. ಕುರ್ಚಿಯ ಸಾಲು ತೆಗೆದು ಚಾಪೆ ಹಾಸಿ, ಗೋಡೆಗೆ ಒರಗಿ ಕೂರುವಂತೆ, ಕುಟುಂಬಗಳ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಸಾಕು. ಗದ್ದಲವಂತೂ ಆಗಿಯೇ ಆಗುತ್ತದೆ. ದಿನಾ ಬರುವ ಓದುಗರಿಗೆ ಮೊದಲೇ ಹೇಳಿ, ಜನ ಕಡಿಮೆ ಇರುವ ಹೊತ್ತು ಆರಿಸಿಕೊಂಡೆವು. ಕೂಸುಗಳಿಗೆ ದಪ್ಪ ರಟ್ಟಿನ ಪುಸ್ತಕ ಇಟ್ಟಿದ್ದೇವೆ. ಅವು ಪುಸ್ತಕ ಕಚ್ಚುತ್ತವೆ, ನೆಕ್ಕುತ್ತವೆ. ಆ ಪ್ರತಿಗಳು ಬೇಗ ಹಾಳಾಗುತ್ತವೆ ಅಂತ ಲೆಕ್ಕ ಹಾಕಿಯೇ ತರಿಸಿದ್ದು. 'ಇಷ್ಟು ಚಿಕ್ಕವಕ್ಕೆ ಏನು ತಿಳಿಯುತ್ತೆ?' ಅಂತ ಕೇಳುವವರಿದ್ದಾರೆ. ಮಗು ಎಳೆಗೂಸಾಗಿದ್ದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಸಲಹೆ ಕೊಟ್ಟಿದೆ. ಅದನ್ನು ನಾನು ಅವರಿಗೆ ಹೇಳುತ್ತೇನೆ.

ಕೊನೆಯ ಕಾಲು ಗಂಟೆ ಪುಸ್ತಕ ಎರವಲಿಗೆ ಮೀಸಲು. ಸದಸ್ಯತ್ವದ ಅರ್ಜಿ, ಪುಸ್ತಕ ದಾಖಲಿಸುವ ಮೇಜು ಎರಡೂ ಅದೇ ಕೋಣೆಯಲ್ಲಿರುತ್ತವೆ. ಅಳುವ ಮಗುವನ್ನು ಎತ್ತಿಕೊಂಡು ಇನ್ನೊಂದು ಮಹಡಿಯಲ್ಲಿ ಸಾಲು ನಿಲ್ಲಲು ಯಾರಿಗೆ ಸಾಧ್ಯ? ಓದುಗರ ಸಮಯ ಉಳಿಸಿ ಅಂತ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ಹೇಗಿರಬೇಕು ಅನ್ನುವ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದಾರೆ. ಆ ಸೂತ್ರದ ಬೆಲೆ ನನಗೆ ಚೆನ್ನಾಗಿ ಅರ್ಥವಾದದ್ದು ಈ ತಾಯಂದಿರನ್ನು ನೋಡಿದ ಮೇಲೆ.

ಮೊದಲ ಸಲ ಬಂದವರಿಗೆ ಒಂದು ಬಟ್ಟೆಯ ಚೀಲದಲ್ಲಿ ಪುಸ್ತಕ ಹಾಕಿ ಕಳಿಸುತ್ತೇವೆ. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 300 ಕುಟುಂಬಗಳಿಗೆ ಪುಸ್ತಕದ ಚೀಲ ಕೊಟ್ಟು, ಕೂಸುಗಳಿಗೆ ಪುಸ್ತಕ ಕೊಡುವ ಬುಕ್‌ಸ್ಟಾರ್ಟ್ ಅನ್ನುವ ಯೋಜನೆ ಶುರು ಮಾಡಿದ್ದರು. ಅದೇ ನಮಗೆ ದಾರಿ ತೋರಿದ್ದು. ಅವರಲ್ಲಿ ಪುಸ್ತಕ ಮಗುವಿಗೇ ಸ್ವಂತ, ನಮ್ಮದು ಎರವಲಿನದು. ಚೀಲದಲ್ಲಿ ಅಭ್ಯಾಸ ಹಾಳೆ ಇಡುವುದಿಲ್ಲ. ಯಾರು ಹೆಚ್ಚು ಪುಸ್ತಕ ಓದಿದರು ಅನ್ನುವ ಸ್ಪರ್ಧೆಯನ್ನೂ ನಾನು ಇಟ್ಟಿಲ್ಲ. ಬಹುಮಾನ ಅಂದ ಕೂಡಲೇ ತೆಳು ಪುಸ್ತಕ ಹುಡುಕುವುದು ಶುರುವಾಗುತ್ತದೆ. ಒಂದೇ ಪುಸ್ತಕವನ್ನು ವಾರವಿಡೀ ಓದಿಸಿಕೊಂಡ ಮಗುವಿಗೆ ಒಂದೇ ಅಂಕ ಸಿಗುತ್ತದೆ. ನಿಜವಾಗಿ ಆ ಮನೆಯಲ್ಲೇ ಹೆಚ್ಚು ಓದು ನಡೆದಿರುತ್ತದೆ.

ಒಂಬತ್ತು ಹತ್ತು ದಾಟಿದ ಮಕ್ಕಳು 'ನಮಗೇ ಓದೋಕೆ ಬರುತ್ತೆ' ಅಂತ ದೂರ ಕೂರುತ್ತಾರೆ. ಅವರಿಗೆ ಕಥೆಯೇ ಆಗಬೇಕೆಂದಿಲ್ಲ. ಜ್ವಾಲಾಮುಖಿ, ಗ್ರಹಗಳು, ಆಟದ ನಿಯಮ, ಕಾಮಿಕ್ಸ್, ಎಲ್ಲವನ್ನೂ ಹೊರಗೆ ಇಡುತ್ತೇನೆ. ಕಾಮಿಕ್ಸ್ ಆದರೆ ಪಾತ್ರ ಹಂಚಿಕೊಂಡು ಓದುತ್ತಾರೆ. ದೊಡ್ಡ ಕಾದಂಬರಿಯಾದರೆ ಒಂದು ಪುಟ ಅಪ್ಪ, ಒಂದು ಪುಟ ಮಗಳು. ಏನಾಗುತ್ತೋ ಅನ್ನುವ ಕಡೆ ಬಂದಾಗ ನಾನು ಹೊತ್ತಾಯಿತು ಅಂತ ಗಂಟೆ ಬಾರಿಸುತ್ತೇನೆ. ಆ ಪುಸ್ತಕ ಅವತ್ತೇ ಅವರ ಜೊತೆ ಮನೆಗೆ ಹೋಗುತ್ತದೆ.