ಮದುವೆಯ ಫೋಟೊ ಮೂರು ಕಡೆ ಇರಲಿ

ಬೀದರಿನ ನನ್ನ ಸ್ಟುಡಿಯೊದಲ್ಲಿ ಒಂದು ಸಂಜೆ ಹಾರ್ಡ್ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಕಂಪ್ಯೂಟರಿಗೆ ಜೋಡಿಸಿದರೆ ಟಕ್ ಟಕ್ ಸದ್ದು, ಮತ್ತೇನೂ ಇಲ್ಲ. ಅದರಲ್ಲಿ ಹುಮನಾಬಾದಿನ ಮದುವೆಯೊಂದಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಅಷ್ಟರಲ್ಲಿ ಅಳಿಸಿ ಇನ್ನೊಂದು ಮದುವೆ ಮುಗಿಸಿದ್ದೆ. ವಧುವಿನ ತಂದೆ ಬೈಯಲಿಲ್ಲ. ‘ಅರಿಶಿನದ ಫೋಟೊದಲ್ಲಿ ನಮ್ಮ ಅವ್ವ ಇದ್ದರು’ ಎಂದರು, ಅಷ್ಟೇ.

ಈಗ ಮದುವೆಯಿಂದ ಬಂದ ರಾತ್ರಿಯೇ ಕೂತು ಕಾರ್ಡಿನಲ್ಲಿದ್ದುದನ್ನು ಕಂಪ್ಯೂಟರಿಗೂ ಹೊರಗಿನ ಡಿಸ್ಕಿಗೂ ಕಾಪಿ ಮಾಡುತ್ತೇನೆ. ಎರಡನ್ನೂ ಕಾರ್ಡಿನಿಂದಲೇ ಮಾಡಬೇಕು. ಕಂಪ್ಯೂಟರಿನಿಂದ ಡಿಸ್ಕಿಗೆ ಹಾಕಿದರೆ ಮೊದಲ ಕಾಪಿಯಲ್ಲಿ ಕೆಟ್ಟ ಫೈಲ್ ಎರಡನೆಯದಕ್ಕೂ ಕೆಟ್ಟೇ ಹೋಗುತ್ತದೆ. ‘ಕಟ್’ ಮಾಡಿ ಪೇಸ್ಟ್ ಮಾಡುವುದು ಬೇಡವೇ ಬೇಡ. ನಡುವೆ ಕರೆಂಟ್ ಹೋದರೆ ಫಜೀತಿ. ಹಳೆಯ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ 4 ಜಿಬಿಗಿಂತ ದೊಡ್ಡ ವಿಡಿಯೊ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್ ಆಗಿದ್ದರೆ ಆ ತಾಪತ್ರಯವಿಲ್ಲ.

ಆಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ, ಗಾತ್ರ ತಾಳೆ ನೋಡಿ. ಕೆಲವು ಫೋಟೊ ತೆರೆಯಿರಿ, ವಿಡಿಯೊದ ಕೊನೆಯ ನಿಮಿಷ ಓಡಿಸಿ. ನೋಡಿದ ಮೇಲೆ ಡಿಸ್ಕಿನ ಕೇಬಲ್ ಕಿತ್ತಿಡಿ. ಜೋಡಿಸಿಯೇ ಬಿಟ್ಟರೆ ಸಿಡಿಲಿನ ಹೊಡೆತವಾಗಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸಾಗಲಿ ಎರಡನ್ನೂ ಒಟ್ಟಿಗೇ ನುಂಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇಟ್ಟು ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುವಂತೆ ಮಾಡುವ ರೇಡ್ ವ್ಯವಸ್ಥೆಯನ್ನು ಅಂಗಡಿಯವರು ಹೊಗಳುತ್ತಾರೆ. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ನೀವು ತಪ್ಪಿ ಅಳಿಸಿದ್ದು ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ.

ಮೂರನೆಯ ಪ್ರತಿ ಬೇರೆ ಊರಿನಲ್ಲಿರಬೇಕು. ನಮ್ಮ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಮಗ್ಗುಲು 1696ರಲ್ಲಿ ಮದ್ದು ಸಿಡಿದು ಹಾರಿಹೋಯಿತು. ಅಲ್ಲಿದ್ದ ಗ್ರಂಥ ಭಂಡಾರವೂ ಉಳಿಯಲಿಲ್ಲ. ಗವಾನ್ ಬರೆದ ಪತ್ರಗಳು ಮಾತ್ರ ಇಂದಿಗೂ ಓದಲು ಸಿಗುತ್ತವೆ. ಅವುಗಳನ್ನು ನಕಲು ಮಾಡಿ ಬೇರೆಡೆ ಇಟ್ಟುಕೊಂಡವರಿದ್ದರು.

ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿನಲ್ಲಿ ಇಡುವ ಕ್ಲೌಡ್ ಸಾಲದೇ ಎಂದು ಕೇಳುತ್ತಾರೆ. ನನ್ನ ಒಂದು ಮದುವೆ 100 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕಳಿಸಿದರೂ 11 ಗಂಟೆ ಬೇಕು. ಹಾಗಾಗಿ ಆಲ್ಬಮ್ಮಿಗೆ ಆರಿಸಿದ ಫೋಟೊಗಳಷ್ಟೇ ಕ್ಲೌಡಿಗೆ. ಪೂರ್ತಿ ಮದುವೆ ಇನ್ನೊಂದು ಡಿಸ್ಕಿನಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಭಾಲ್ಕಿಯ ಭಾವನ ಮನೆಗೆ.

ಕಾರ್ಡುಗಳನ್ನು ಆಗಲೂ ಅಳಿಸುವುದಿಲ್ಲ. ಮದುಮಗಳ ಹೆಸರು ಬರೆದ ಲಕೋಟೆಯಲ್ಲಿ ಹಾಕಿ ಅಲ್ಮಾರಿಯಲ್ಲಿಡುತ್ತೇನೆ. ಭಾವ ಫೋನ್ ಮಾಡಿ, ‘ಅರಿಶಿನದ್ದು ತೆರೆಯಿತು, ಮುಹೂರ್ತದ್ದೂ ತೆರೆಯಿತು’ ಎಂದ ಮೇಲೆಯೇ ಲಕೋಟೆ ಹರಿಯುವುದು.