ಸೋಲೋಗೆ ಸ್ಕೇಲ್ ಆರಿಸುವಾಗ ಇ ಮೇಜರ್ ಕಾರ್ಡನ್ನು ಗಮನಿಸಿ
ಎ ಮೈನರ್, ಡಿ ಮೈನರ್, ಇ ಮೇಜರ್ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿಗೆ ಗಿಟಾರ್‌ನಲ್ಲಿ ಸೋಲೋ ನುಡಿಸುವವರು ಸಾಮಾನ್ಯವಾಗಿ 5ನೇ ಫ್ರೆಟ್‌ನ ಎ ಮೈನರ್ ಪೆಂಟಾಟಾನಿಕ್ (ಐದು ಸ್ವರಗಳ) ಸ್ಕೇಲನ್ನೇ ಕೊನೆಯವರೆಗೂ ಹಿಡಿದುಕೊಳ್ಳುತ್ತಾರೆ. ಮೊದಲೆರಡು ಕಾರ್ಡ್‌ಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಇ ಮೇಜರ್ ಕಾರ್ಡಿನೊಳಗೆ ಜಿ ಶಾರ್ಪ್ ಸ್ವರವಿರುವುದರಿಂದ, ಪೆಂಟಾಟಾನಿಕ್‌ನ ಜಿ ಸ್ವರದ ಮೇಲೆ ಹೆಚ್ಚು ಹೊತ್ತು ನಿಂತರೆ (ಬ್ಲೂಸ್ ಛಾಯೆಯನ್ನೇ ಬಯಸಿದ್ದರೆ ಬೇರೆ ಮಾತು) ಅದು ಅಪಸ್ವರದಂತೆ ಕೇಳಿಸುತ್ತದೆ. ಆ ಕಾರ್ಡ್ ಬಂದಾಗ ಮಾತ್ರ ಹಾರ್ಮೋನಿಕ್ ಮೈನರ್‌ಗೆ (ಎ ಮೈನರ್ ಸ್ಕೇಲಿನ ಜಿ ಬದಲು ಜಿ ಶಾರ್ಪ್ ಇರುವ ಸ್ಕೇಲ್) ಹೊರಳಿ, 2ನೇ ತಂತಿಯಲ್ಲಿ 8ನೇ ಫ್ರೆಟ್ಟಿನ ಬದಲು 9ನೆಯದನ್ನು, 4ನೇ ತಂತಿಯಲ್ಲಾದರೆ 5ರ ಬದಲು 6ನೆಯದನ್ನು ಒತ್ತಿ, ಎ ಮೈನರ್ ಮರಳುವ ಹೊತ್ತಿಗೆ ಒಂದು ಫ್ರೆಟ್ ಮುಂದಿರುವ ಎ ಸ್ವರಕ್ಕೆ ಬಂದು ನಿಲ್ಲಿರಿ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸದೇನಲ್ಲ: ಹಾರ್ಮೋನಿಕ್ ಮೈನರ್‌ನ ಸ್ವರಗಳು 21ನೇ ಮೇಳಕರ್ತ ರಾಗವಾದ ಕೀರವಾಣಿಯವೇ.